ಹವಾಯಿಯ ಆಟಗಳೂ ಅಲ್ಲಿಯ ಜೀವಸಂಪತ್ತೂ

ಶಾಂತಸಾಗರದ ನಡುವೆ, ಅತಿ ಸಮೀಪದ ಖಂಡದಿಂದಲೂ ಸುಮಾರು 3,800 ಕಿಲೊಮೀಟರುಗಳ ದೂರದಲ್ಲಿ ಹವಾಯಿ ದ್ವೀಪಗಳಿವೆ. ಇಂತಹ ಏಕಾಂತದಲ್ಲಿ ವಿಕಾಸ ಹೊಂದಿದ ಕಾರಣ, ಅಲ್ಲಿಯ ಸ್ಥಳೀಯ ಹೂಗಿಡಗಳಲ್ಲಿ ನೂರಕ್ಕೆ ಸುಮಾರು 90ರಷ್ಟು ಪ್ರಭೇದಗಳು ಲೋಕದ ಬೇರೆಲ್ಲಿಯೂ ಸಹಜವಾಗಿ ಬೆಳೆಯುವುದಿಲ್ಲ. ಅಲ್ಲಿ ಅಳಿದರೆ ಅವು ಭೂಮಿಯಿಂದಲೇ ಅಳಿದಂತೆ. ಇವುಗಳ ಗುಣಗಳನ್ನು ಅಲ್ಲಿಯ ಜನರು ಆಟದಿಂದಲೂ ಕಲೆಯಿಂದಲೂ ಅರಿತುಕೊಂಡಿದ್ದರು.

ಕೋನನೆ ಎಂಬ ಹಲಗೆಯಾಟವನ್ನು ಮೊದಲು ನೋಡೋಣ. ಹಲಗೆಯ ಕುಳಿಗಳಲ್ಲಿ ಕಪ್ಪು ಬಿಳಿ ಕಾಯಿಗಳನ್ನು ಒಂದರ ಪಕ್ಕಕ್ಕೊಂದರಂತೆ ತುಂಬಿ, ಎದುರಾಳಿಯ ಕಾಯಿಯನ್ನು ಹಾರಿ ಹಿಡಿಯಬೇಕು. ನಡೆಸಲು ಕಾಯಿಯಿಲ್ಲದವನು ಸೋತನು. ಕಪ್ಪು ಕಾಯಿ ಜ್ವಾಲಾಮುಖಿಯ ಶಿಲೆ. ಬಿಳಿಯದು ಹವಳವೆಂಬ ಸಣ್ಣ ಪ್ರಾಣಿಗಳು ಕಟ್ಟಿದ ಸುಣ್ಣದ ಗೂಡು. ದ್ವೀಪವನ್ನು ಕಟ್ಟಿದ ಬೆಂಕಿಯೂ ಅದರ ಅಂಚನ್ನು ಕಟ್ಟಿದ ಜೀವಿಯೂ ಒಂದೇ ಹಲಗೆಯ ಮೇಲೆ ಎದುರುಬದುರಾಗುತ್ತವೆ.

ಅಲೆಗಳ ಮೇಲೆ ಹಲಗೆಯಲ್ಲಿ ಸವಾರಿ ಮಾಡುವ ಆಟ ಜಗತ್ಪ್ರಸಿದ್ಧವಾಗಿದೆ. ಮುಖಂಡರು ಬಳಸುತ್ತಿದ್ದ ಓಲೊ ಎಂಬ ನೀಳವೂ ದಪ್ಪವೂ ಆದ ಹಲಗೆಗೆ ವಿಲಿವಿಲಿ ಮರ ಶ್ರೇಷ್ಠವೆನಿಸಿತ್ತು. ಇದಕ್ಕೆ ಕಾರಣವೇನು? ತೇಲುವ ವಸ್ತು ತನ್ನ ತೂಕಕ್ಕೆ ಸಮನಾದ ನೀರನ್ನು ಸರಿಸುತ್ತದೆಂದು ಆರ್ಕಿಮಿಡೀಸನ ತತ್ತ್ವದಿಂದ ನಾವು ಬಲ್ಲೆವು. ಮರದ ಸಾಂದ್ರತೆ ಕಡಿಮೆಯಾದಷ್ಟೂ ಹಲಗೆ ಕಡಿಮೆ ಮುಳುಗುತ್ತದೆ. ಸವಾರನ ಭಾರವನ್ನು ಹೊರಲು ಅದರಲ್ಲಿ ಅಷ್ಟು ಹೆಚ್ಚು ಶಕ್ತಿ ಉಳಿದಿರುತ್ತದೆ. ವಿಲಿವಿಲಿಯ ಮರ ಬಹಳ ಹಗುರ. ಮೀನುಬಲೆಯ ತೇಲುಗಳಿಗೂ ದೋಣಿಯ ಪಕ್ಕದ ತೇಲುಮರಕ್ಕೂ ಅದನ್ನೇ ಆರಿಸುತ್ತಿದ್ದರು. ಆದರೆ ತೆಳುವಾದ ಹಲಗೆಗೆ ಗಟ್ಟಿತನ ಬೇಕು. ಅದಕ್ಕೆ ಕೋವಾ ಮರ ಒದಗುತ್ತಿತ್ತು.

ಈ ವಿಲಿವಿಲಿ, ಮಲೆನಾಡಿನಲ್ಲಿ ಮೆಣಸಿನ ಬಳ್ಳಿಗೆ ಆಸರೆಯಾಗುವ ನಮ್ಮ ಹಾಲುವಾಣದ ಕುಲಕ್ಕೇ ಸೇರಿದ ಮರ. 2005ರಲ್ಲಿ ಹವಾಯಿಗೆ ಹೊರಗಿನಿಂದ ಒಂದು ಪುಟ್ಟ ಕಣಜ ಬಂದಿತು. ಎಳೆಯ ಎಲೆಗಳಲ್ಲಿ ಅದು ಮೊಟ್ಟೆಯಿಟ್ಟಾಗ ಗಂಟುಗಳೆದ್ದು, ಎಲೆ ಉದುರಿ, ಅನೇಕ ಮರಗಳು ಸತ್ತವು. ನಮ್ಮ ದೇಶದ ಹಾಲುವಾಣವನ್ನೂ ಇದೇ ಕಣಜ ಪೀಡಿಸಿದೆ. ವಿಜ್ಞಾನಿಗಳು ಆಫ್ರಿಕದಲ್ಲಿ ಇದರ ಶತ್ರುವಾದ ಮತ್ತೊಂದು ಕಣಜವನ್ನು ಹುಡುಕಿ ತಂದು, ಪರೀಕ್ಷಿಸಿ, 2008ರಲ್ಲಿ ಹವಾಯಿಯಲ್ಲಿ ಬಿಟ್ಟರು. ಬಹಳಷ್ಟು ಮರಗಳು ಮತ್ತೆ ಚಿಗುರಿದವು.

ಎಲ್ಲ ಜೀವಿಗಳೂ ಹೀಗೆ ಉಳಿಯಲಿಲ್ಲ. ಮಾಮೊ ಎಂಬ ಹಕ್ಕಿಯ ಹಳದಿ ಗರಿಗಳಿಂದ ಅರಸರ ನಿಲುವಂಗಿಗಳನ್ನು ಹೆಣೆಯುತ್ತಿದ್ದರು. ಕಮೆಹಮೆಹಾ ದೊರೆಯ ನಿಲುವಂಗಿ ಹೊನೊಲುಲುವಿನ ಬಿಷಪ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇದೆ. ಹಕ್ಕಿ ಮಾತ್ರ ಇಲ್ಲ. ಬೇಟೆ, ಕಾಡಿನ ನಾಶ, ಹೊರಗಿನಿಂದ ಬಂದ ಇಲಿ ಮತ್ತು ರೋಗಗಳ ನಡುವೆ 19ನೆಯ ಶತಮಾನದ ಕೊನೆಯ ವೇಳೆಗೆ ಅದು ಕಣ್ಮರೆಯಾಯಿತು.

ಈಗ ಓಹಿಯಾ ಮರದ ಸರದಿ. ಅದರ ಕೆಂಪು ಹೂವು ಹೂಲಾ ನೃತ್ಯದ ಅಲಂಕಾರ. ಈ ಮರಗಳನ್ನು ಕೊಲ್ಲುವ ಒಂದು ಶಿಲೀಂಧ್ರವನ್ನು 2014ರಲ್ಲಿ ಗುರುತಿಸಲಾಯಿತು. ತೊಗಟೆಯ ಗಾಯಗಳ ಮೂಲಕ ಅದು ಮರವನ್ನು ಸೇರುತ್ತದೆ. ಇದನ್ನರಿತ ಅನೇಕ ನರ್ತಕರು ತಮ್ಮ ಪ್ರಿಯವಾದ ಹೂವನ್ನೇ ಕೀಳದೆ ಬಿಟ್ಟರು. ಶಿಲೀಂಧ್ರದ ವರ್ತನೆಯನ್ನು ತಿಳಿಸಿದುದು ವಿಜ್ಞಾನ. ಹೂವನ್ನು ಬಿಟ್ಟುಕೊಡುವಷ್ಟು ಮರದ ಮೇಲೆ ಅಕ್ಕರೆಯನ್ನು ಬೆಳೆಸಿದುದು ನೃತ್ಯ. ಕಾಡಿನ ರಕ್ಷಣೆಗೆ ಇವೆರಡೂ ಅವಶ್ಯಕ.