ಆರೋಗ್ಯ ನೀತಿಯು ಕಾನೂನಾಗುವ ಬಗೆ: ಅಯೋಡಿನ್‌ಯುಕ್ತ ಉಪ್ಪಿನ ಪ್ರಕರಣ

ಸಾರ್ವಜನಿಕ ಆರೋಗ್ಯದ ಕಾರಣ ನೀಡಿ ಸರ್ಕಾರವು ಒಂದು ಸರಕಿನ ಮಾರಾಟವನ್ನು ನಿರ್ಬಂಧಿಸಿದಾಗ ವರ್ತಕರು ಮೊದಲು ಕೇಳುವುದು ಅದು ಯಾವ ದಿನದಿಂದ ಜಾರಿಗೆ ಬರುತ್ತದೆ ಎಂಬುದನ್ನು. ಕರಡು ರಚಿಸುವವರು ಅದಕ್ಕೂ ಮುನ್ನ ಬೇರೊಂದು ಪ್ರಶ್ನೆಗೆ ಉತ್ತರ ಕಂಡುಕೊಂಡಿರಬೇಕು. ಈ ನಿರ್ಬಂಧವನ್ನು ವಿಧಿಸುವ ಅಧಿಕಾರ ಯಾವ ಕಾಯ್ದೆಯಿಂದ ದೊರೆಯುತ್ತದೆ? ಈ ಪ್ರಶ್ನೆಯನ್ನು ಕಡೆಗಣಿಸಿದರೆ ಒಳ್ಳೆಯ ನೀತಿಯೂ ನ್ಯಾಯಾಲಯದಲ್ಲಿ ನಿಲ್ಲದು ಎಂಬುದಕ್ಕೆ ಉಪ್ಪಿಗಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ.

ನೀತಿಯ ವೈಜ್ಞಾನಿಕ ತಳಹದಿ ದುರ್ಬಲವಾಗಿರಲಿಲ್ಲ. 1956ರಿಂದ ಕಾಂಗ್ರಾ ಕಣಿವೆಯಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆತ ಉಪ್ಪನ್ನೂ ಒಂದಕ್ಕೆ ಸಾದಾ ಉಪ್ಪನ್ನೂ ಒದಗಿಸಿದರು. ಅಯೋಡಿನ್ ದೊರೆತ ವಲಯಗಳಲ್ಲಿ ಗಳಗಂಡ ಗಣನೀಯವಾಗಿ ಇಳಿಯಿತು. ಇದರ ಬೆನ್ನಲ್ಲೇ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಆದರೆ ಅದು ರೋಗಪೀಡಿತ ಪ್ರದೇಶಗಳಿಗೆ ಮಾತ್ರ ಸೀಮಿತವಾಗಿತ್ತು. ಉಪ್ಪು ಜಿಲ್ಲೆಯ ಗಡಿಯನ್ನು ನೋಡಿ ನಿಲ್ಲುವ ಸರಕಲ್ಲ. ಅಗ್ಗದ ಸಾದಾ ಉಪ್ಪು ಪಕ್ಕದ ಸಂತೆಯಿಂದ ಬರುವುದನ್ನು ತಡೆಯುವುದು ಸುಲಭವಿರಲಿಲ್ಲ. ಮುಂದೆ 1980ರ ದಶಕದಲ್ಲಿ ದೇಶದ ಸಮಸ್ತ ಖಾದ್ಯ ಉಪ್ಪಿಗೂ ಅಯೋಡಿನ್ ಸೇರಿಸುವ ನಿರ್ಧಾರವಾಯಿತು, ಖಾಸಗಿ ಉತ್ಪಾದಕರಿಗೂ ಅವಕಾಶ ದೊರೆಯಿತು.

ತೊಡಕು ಆರಂಭವಾದದ್ದು ಇದನ್ನು ಕಡ್ಡಾಯಗೊಳಿಸುವಾಗ. ಕೈಗೆ ಸಿಕ್ಕ ಕಾನೂನು 1954ರ ಆಹಾರ ಕಲಬೆರಕೆ ತಡೆ ಕಾಯ್ದೆ. ಅದರಡಿಯ ನಿಯಮದ ಮೂಲಕ 1998ರಲ್ಲಿ ಅಯೋಡಿನ್‌ರಹಿತ ಖಾದ್ಯ ಉಪ್ಪಿನ ಮಾರಾಟವನ್ನು ದೇಶದಾದ್ಯಂತ ನಿಷೇಧಿಸಲಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಇಂತಹ ವಿಷಯವನ್ನು ಬಲವಂತಕ್ಕಿಂತ ಜನರ ತಿಳಿವಳಿಕೆಗೆ ಬಿಡುವುದು ಲೇಸೆಂದು 2000ರ ಸೆಪ್ಟೆಂಬರ್‌ನಲ್ಲಿ ಕೇಂದ್ರವು ನಿಷೇಧವನ್ನು ಹಿಂತೆಗೆದುಕೊಂಡಿತು. ಹಲವು ರಾಜ್ಯಗಳು ತಮ್ಮ ನಿರ್ಬಂಧವನ್ನು ಮುಂದುವರಿಸಿದವು. 2005ರ ನವೆಂಬರ್‌ನಲ್ಲಿ ಮತ್ತೆ ಅಧಿಸೂಚನೆ ಹೊರಟು 2006ರ ಮೇ 17ರಿಂದ ನಿಷೇಧ ಪುನಃ ಜಾರಿಗೆ ಬಂತು. ಆರು ತಿಂಗಳ ಅಂತರವನ್ನಿತ್ತದ್ದು ದಾಸ್ತಾನು ಇದ್ದವರ ಪಾಲಿಗೆ ಉಪಕಾರವಾಗಿದ್ದರೂ, ಎಂಟು ವರ್ಷಗಳಲ್ಲಿ ಮೂರು ಬಾರಿ ದಿಕ್ಕು ಬದಲಿಸಿದ ನೀತಿಯನ್ನು ನಂಬಿ ಅಯೋಡಿನ್ ಬೆರೆಸುವ ಘಟಕಕ್ಕೆ ಬಂಡವಾಳ ಹೂಡುವ ಧೈರ್ಯ ಸಣ್ಣ ಉತ್ಪಾದಕನಿಗೆ ಹೇಗೆ ಬರಬೇಕು? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಬಳಸುವ ಕುಟುಂಬಗಳು 1998-99ರಲ್ಲಿ ಶೇ. 49, 2005-06ರಲ್ಲಿ ಶೇ. 51 ಮಾತ್ರ.

2006ರ ನಿಷೇಧವನ್ನು ಅಕಾಡೆಮಿ ಆಫ್ ನ್ಯೂಟ್ರಿಷನ್ ಇಂಪ್ರೂವ್‌ಮೆಂಟ್ ಸಂಸ್ಥೆಯು ಪ್ರಶ್ನಿಸಿತು. 2011ರ ಜುಲೈ 4ರಂದು ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಕರಡುಕಾರರೆಲ್ಲರೂ ಓದಬೇಕಾದದ್ದು. ಅಯೋಡಿನ್‌ಯುಕ್ತ ಉಪ್ಪು ಹಾನಿಕರವೆಂದು ನ್ಯಾಯಾಲಯ ಹೇಳಲಿಲ್ಲ. ಕಲಬೆರಕೆ ತಡೆ ಕಾಯ್ದೆಯ ಉದ್ದೇಶ ಆಹಾರದ ಕಲಬೆರಕೆಯನ್ನು ತಡೆಯುವುದು. ಸಾದಾ ಉಪ್ಪು ಕಲಬೆರಕೆಯಾದುದಲ್ಲ. ಆದ್ದರಿಂದ ಜನರ ಆರೋಗ್ಯವೃದ್ಧಿಗಾಗಿ ಅದರ ಮಾರಾಟವನ್ನೇ ನಿಷೇಧಿಸುವ ನಿಯಮ 44-ಐ ಮೂಲ ಕಾಯ್ದೆಯ ವ್ಯಾಪ್ತಿಯನ್ನು ಮೀರಿದೆ ಎಂದು ತೀರ್ಮಾನಿಸಿತು. ಆದರೂ ನಿಷೇಧ ಒಮ್ಮೆಲೇ ಕುಸಿಯಬಾರದೆಂದು ಸಂವಿಧಾನದ 142ನೇ ವಿಧಿಯನ್ವಯ ಆರು ತಿಂಗಳ ಅವಧಿಗೆ ಅದನ್ನು ಉಳಿಸಿ, ಸೂಕ್ತ ಮಾರ್ಗವನ್ನು ಕಂಡುಕೊಳ್ಳಲು ಕೇಂದ್ರಕ್ಕೆ ಅವಕಾಶವಿತ್ತಿತು.

ಆ ಮಾರ್ಗ ಆಗಲೇ ಸಿದ್ಧವಾಗುತ್ತಿತ್ತು. 2006ರ ಆಹಾರ ಸುರಕ್ಷತೆ ಮತ್ತು ಮಾನಕಗಳ ಕಾಯ್ದೆಯಡಿ ರಚಿತವಾದ ವಿನಿಯಮಗಳು 2011ರ ಆಗಸ್ಟ್ 5ರಂದು ಜಾರಿಗೆ ಬಂದವು. ಅಯೋಡಿನ್‌ರಹಿತ ಉಪ್ಪಿನ ನಿರ್ಬಂಧ ಅಲ್ಲಿ ಹೊಸ ಆಸರೆ ಪಡೆಯಿತು. ಇಲ್ಲಿನ ಪದಗಳು ಗಮನಾರ್ಹ. ನಿರ್ಬಂಧವಿರುವುದು ನೇರ ಮಾನವ ಸೇವನೆಯ ಉಪ್ಪಿಗೆ. ಅಯೋಡಿನ್ ಬೆರೆಸುವುದಕ್ಕಾಗಿ, ಪಶುಗಳಿಗಾಗಿ, ಆಹಾರ ಸಂರಕ್ಷಣೆ, ಔಷಧ ತಯಾರಿಕೆ ಹಾಗೂ ಕೈಗಾರಿಕೆಗಾಗಿ ಸಾದಾ ಉಪ್ಪನ್ನು ಸೂಕ್ತ ಲೇಬಲಿನೊಡನೆ ಮಾರಬಹುದು. ಈ ಒಂದು ವಾಕ್ಯವಿಲ್ಲದಿದ್ದರೆ ಗೋಕರ್ಣದ ಬಳಿಯ ಸಾಣಿಕಟ್ಟೆಯಂತಹ ಉಪ್ಪಿನಾಗರಗಳ ಹರಳುಪ್ಪು ಆಗರದಿಂದ ಹೊರಬೀಳುವುದೇ ಕಾನೂನುಬಾಹಿರವೆನಿಸುತ್ತಿತ್ತು.

ಮಾನಕವನ್ನು ಬರೆದ ರೀತಿಯಲ್ಲಿ ಇನ್ನೊಂದು ಜಾಣ್ಮೆಯಿದೆ. ತೇವ, ಬಿಸಿಲು ಮತ್ತು ತೆರೆದ ಚೀಲಗಳಿಂದ ಅಯೋಡಿನ್ ಅಂಶ ಸಾಗಣೆಯಲ್ಲಿ ನಷ್ಟವಾಗುತ್ತದೆ. ಇದನ್ನು ಅರಿತು 2011ರಲ್ಲಿ ತಯಾರಕರ ಹಂತಕ್ಕೆ ದಶಲಕ್ಷದಲ್ಲಿ ಕನಿಷ್ಠ 30 ಭಾಗ, ಚಿಲ್ಲರೆ ಮಾರಾಟ ಸೇರಿದಂತೆ ವಿತರಣೆಯ ಹಂತಕ್ಕೆ ಕನಿಷ್ಠ 15 ಭಾಗ ಎಂದು ಎರಡು ಅಂಕಿಗಳನ್ನಿಡಲಾಯಿತು. ಒಂದೇ ಅಂಕಿಯಿದ್ದಿದ್ದರೆ ಮಳೆಗಾಲದಲ್ಲಿ ಮಲೆನಾಡಿನ ಕಿರಾಣಿ ಅಂಗಡಿಯವರು ತಮ್ಮದಲ್ಲದ ತಪ್ಪಿಗೆ ದಂಡ ತೆರಬೇಕಾಗುತ್ತಿತ್ತು. ಖರೀದಿಯ ಬಿಲ್ಲನ್ನು ಜೋಪಾನವಾಗಿಡುವುದೂ ಅಷ್ಟೇ ಅಗತ್ಯ. 2006ರ ಕಾಯ್ದೆಯ 26ನೇ ಪ್ರಕರಣದಂತೆ ಬಿಲ್ಲು ಅಥವಾ ಇನ್‌ವಾಯ್ಸ್ ಮಾರಿದವರು ನೀಡಿದ ಖಾತರಿಯೆಂದು ಪರಿಗಣಿತವಾಗುತ್ತದೆ.

2015-16ರ ಸಮೀಕ್ಷೆಯಲ್ಲಿ ಅಯೋಡಿನ್‌ಯುಕ್ತ ಉಪ್ಪನ್ನು ಬಳಸುವ ಕುಟುಂಬಗಳ ಪ್ರಮಾಣ ಶೇ. 93. ಇಲ್ಲಿ ಅಳೆದದ್ದು ಅಯೋಡಿನ್ ಇದೆಯೇ ಎಂಬುದನ್ನು, ಸಾಕಷ್ಟಿದೆಯೇ ಎಂಬುದನ್ನಲ್ಲವಾದ್ದರಿಂದ ಹಿಂದಿನ ಅಂಕಿಗಳೊಡನೆ ನೇರ ಹೋಲಿಕೆ ಸಲ್ಲದು. ಏರಿಕೆಯ ಶ್ರೇಯಸ್ಸನ್ನು ಕಾನೂನೊಂದಕ್ಕೇ ಕೊಡುವಂತೆಯೂ ಇಲ್ಲ. ಪ್ಯಾಕೆಟ್ ಉಪ್ಪು ಹಳ್ಳಿಗಳನ್ನು ತಲುಪಿದ್ದರ ಪಾಲೂ ಅದರಲ್ಲಿದೆ.

ವರ್ತಕ ಸಂಘಗಳಿಗೆ ಈ ಪ್ರಕ್ರಿಯೆಯಲ್ಲಿ ಪ್ರವೇಶ ದೊರೆಯುವುದು ಕರಡಿನ ಹಂತದಲ್ಲಿ. 2006ರ ಕಾಯ್ದೆಯ 92ನೇ ಪ್ರಕರಣದಂತೆ ವಿನಿಯಮವನ್ನು ಅಂತಿಮಗೊಳಿಸುವ ಮುನ್ನ ಪ್ರಕಟಿಸಲೇಬೇಕು. 2014ರಲ್ಲಿ ಕೇಂದ್ರವು ರೂಪಿಸಿದ ಶಾಸನಪೂರ್ವ ಸಮಾಲೋಚನಾ ನೀತಿಯೂ ಕರಡುಗಳನ್ನು ಕನಿಷ್ಠ 30 ದಿನ ಸಾರ್ವಜನಿಕರ ಮುಂದಿಡಬೇಕೆನ್ನುತ್ತದೆ. ಆ ದಿನಗಳಲ್ಲಿ ಕೇವಲ ವಿರೋಧವನ್ನು ಬರೆದು ಕಳುಹಿಸುವುದರಿಂದ ಪ್ರಯೋಜನ ಕಡಿಮೆ. ಕರಡು ಆಧರಿಸಿದ ಪ್ರಕರಣ ಯಾವುದು, ವ್ಯಾಖ್ಯೆಯೊಳಗೆ ಯಾವ ಸರಕು ಅನಗತ್ಯವಾಗಿ ಸೇರಿದೆ, ದಾಸ್ತಾನು ಖಾಲಿಯಾಗಲು ಎಷ್ಟು ತಿಂಗಳು ಬೇಕು, ಮಾನಕವನ್ನು ಯಾವ ಹಂತದಲ್ಲಿ ಅಳೆಯಲಾಗುತ್ತದೆ ಎಂಬಿವನ್ನು ಪ್ರಕರಣವಾರು ಬರೆದು, ಬದಲಿ ಪದಗಳನ್ನೂ ಸೂಚಿಸಿ, ಗಡುವಿನೊಳಗೆ ಕಳುಹಿಸಬೇಕು.