ಮಾರುವವರಿಗೆ ಕಿವಿಯೂ ಬೇಕು: ಅವರೆಕಾಯಿ ವ್ಯಾಪಾರದ ಪಾಠ

‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ಗಾದೆ. ಮಾಲು ಮಾರುವಲ್ಲಿ ಮಾತಿಗಿಂತ ಮೊದಲು ಬೇಕಾದದ್ದು ಗ್ರಾಹಕರ ಮಾತನ್ನು ಕೇಳುವ ತಾಳ್ಮೆ. ಬೆಳೆದದ್ದನ್ನು ಮಂಡಿಗೆ ಹಾಕಿ ಬಂದರೆ ರೈತರ ಕಿವಿಗೆ ಬೀಳುವುದು ಆ ದಿನದ ದರ ಮಾತ್ರ. ತಿನ್ನುವವರ ಬೇಕು ಬೇಡ ತಿಳಿಯುವುದು ನೇರ ಮಾರಾಟದಲ್ಲಿಯೇ.

ಸೊಗಡಿನ ಪ್ರಶ್ನೆ

ಬೆಂಗಳೂರಿನ ಉತ್ತರ ಭಾಗದಲ್ಲಿ ಹೆಬ್ಬಾಳಕ್ಕೆ ಹೊಂದಿಕೊಂಡಿರುವ ಸಂಜಯನಗರದಂತಹ ಬಡಾವಣೆಗೆ ಮಾಗಿಯಲ್ಲಿ ಅವರೆಕಾಯಿ ಒಯ್ಯುವ ರೈತರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೊಳ್ಳುವವರು ಮೊದಲು ಕಾಯಿಯನ್ನು ಮೂಗಿಗೆ ಹಿಡಿಯುತ್ತಾರೆ. ಕಾಯಿಯ ಮೇಲಿನ ಜಿಡ್ಡಿನಂತಹ ಪದಾರ್ಥದಿಂದ ಬರುವ ವಾಸನೆಯೇ ಸೊಗಡು. ಚಳಿ, ಇಬ್ಬನಿ ಇರುವಾಗ ಇದು ಹೆಚ್ಚು ಎಂಬುದು ಬೆಳೆಗಾರರ ಅನುಭವ.

ನಾಟಿ ಅವರೆ ಹಗಲಿನ ಅವಧಿ ಕಡಿಮೆಯಾದಾಗಲೇ ಹೂ ಬಿಡುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟು ಇಲ್ಲ. ಇತರ ಕಾಲದಲ್ಲೂ ಬೆಳೆಯಬಹುದು. ಆದರೆ ಎಲ್ಲ ಕಾಲದ ಕಾಯಿಯಲ್ಲೂ ಒಂದೇ ಸೊಗಡನ್ನು ನಿರೀಕ್ಷಿಸಲಾಗದು. ಆದ್ದರಿಂದ ‘ಸೊಗಡು ಇದೆಯಾ?’ ಎಂಬ ಪ್ರಶ್ನೆಗೆ ಇದ್ದದ್ದನ್ನು ಇದ್ದಂತೆ ಹೇಳುವುದು ಮೇಲು. ಇಲ್ಲದ್ದನ್ನು ಇದೆ ಎಂದು ಮಾರಿದರೆ ಗಿರಾಕಿ ಮರುವಾರ ಬರುವುದಿಲ್ಲ.

ಕೇಳುವ ಕ್ರಮ

ಗೃಹಿಣಿಯೊಬ್ಬರು ಕಾಯಿ ಹಿಚುಕಿ ನೋಡುತ್ತಾ, “ಏನಪ್ಪಾ, ಕಾಯಿ ಎಳೇದಾಯ್ತಲ್ಲ?” ಎನ್ನುತ್ತಾರೆ ಎನ್ನಿ. “ತಗೊಳ್ಳೀಮ್ಮಾ, ಚೆನ್ನಾಗಿದೆ” ಎಂದುಬಿಟ್ಟರೆ ಅವರು ಮುಂದಿನ ಗಾಡಿಗೆ ಹೋಗುತ್ತಾರೆ. “ಏನು ಮಾಡೋದಕ್ಕಮ್ಮಾ?” ಎಂದು ಕೇಳಿದರೆ “ಹಿದುಕಿದ ಬೇಳೆಗೆ” ಎಂಬ ಉತ್ತರ ಬರಬಹುದು. ಆಗ ಕಾಳು ತುಂಬಿದ ಕಾಯಿಯನ್ನು ಬೇರೆ ತೆಗೆದು ತೋರಿಸಬಹುದು. ಎಳೆಯ ಕಾಯಿಯನ್ನೇ ಬಯಸುವವರೂ ಇದ್ದಾರೆ. ಒಂದೇ ಮೂಟೆಯ ಮಾಲು ಎರಡು ಗುಂಪಾದರೆ ಎರಡಕ್ಕೂ ಗಿರಾಕಿ ಸಿಗುತ್ತದೆ.

ಗಮನಿಸಬೇಕಾದ ಅಂಶಗಳು:

1. ಗಿರಾಕಿಯ ಮಾತು ಮುಗಿಯುವವರೆಗೆ ತೂಕದ ಬಟ್ಟಿಗೆ ಕೈ ಹಾಕಬಾರದು.

2. ‘ಬೆಲೆ ಜಾಸ್ತಿ’ ಎಂದ ಕೂಡಲೇ ದರ ಇಳಿಸಬೇಕಾಗಿಲ್ಲ. ಏಕೆ ಎಂದು ವಿಚಾರಿಸಬೇಕು. ಹುಳುಕು ಅಥವಾ ಜೊಳ್ಳು ಕಾಯಿ ಕಂಡು ಹಾಗೆ ಹೇಳಿರಬಹುದು. ಅದನ್ನು ಆರಿಸಿ ತೆಗೆದರೆ ದರ ಉಳಿಯುತ್ತದೆ.

3. ‘ಔಷಧಿ ಹೊಡೆದಿದ್ದೀರಾ?’ ಎಂದು ಕೇಳಿದವರ ಮೇಲೆ ಸಿಟ್ಟಾಗಬಾರದು. ಕಾಯಿಕೊರಕಕ್ಕೆ ಸಿಂಪಡಿಸಿದ್ದರೆ, ಡಬ್ಬಿಯ ಚೀಟಿಯಲ್ಲಿ ಹೇಳಿದಷ್ಟು ದಿನ ಬಿಟ್ಟು ಕೊಯ್ದವರು ಮಾತ್ರ ಧೈರ್ಯವಾಗಿ ಉತ್ತರಿಸಬಲ್ಲರು.

4. ಮುಟ್ಟಿ ನೋಡಿ, ಏನೂ ಹೇಳದೆ ಹೋದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೇಳಿದ್ದು ಹೊಲಕ್ಕೆ ತಲುಪಲಿ

ಕಿತ್ತ ಕಾಯಿ ಹೊತ್ತೇರಿದಂತೆ ಬಾಡುತ್ತದೆ. ಮಧ್ಯಾಹ್ನದವರೆಗೆ ಉಳಿದ ಮಾಲನ್ನು ಮರುಮಾರಾಟದವರು ಕೇಳಿದ ಬೆಲೆಗೇ ಕೊಡಬೇಕಾಗುತ್ತದೆ. ಕೂಲಿ, ಬಾಡಿಗೆ ಕಳೆದರೆ ಕೈಗೆ ಉಳಿಯುವುದು ಅಲ್ಪ. ಬೆಳಗಿನ ಎರಡು ತಾಸು ಕಿವಿಗೊಟ್ಟು ಮಾರುವುದರ ಬೆಲೆ ಇಲ್ಲಿ ತಿಳಿಯುತ್ತದೆ.

ಒಬ್ಬರ ಮಾತು ಕೇಳಿ ತಳಿ ಬದಲಿಸುವುದು ಸಲ್ಲದು. ಸಂಜೆ ಮನೆಗೆ ಬಂದು, ಎಷ್ಟು ಮಂದಿ ಸೊಗಡು ಕೇಳಿದರು, ಎಷ್ಟು ಮಂದಿ ಸುಲಿದ ಕಾಳು ಕೇಳಿದರು, ಏನು ಉಳಿಯಿತು ಎಂದು ಪುಸ್ತಕದಲ್ಲಿ ಗೆರೆ ಎಳೆದಿಡಬೇಕು. ಹಂಗಾಮು ಮುಗಿದಾಗ ಆ ಗೆರೆಗಳೇ ಮುಂದಿನ ಬಿತ್ತನೆಗೆ ದಾರಿ ತೋರುತ್ತವೆ. ರಾಗಿಯ ಅಕ್ಕಡಿ ಸಾಲಿನಲ್ಲಿ ನಾಟಿ ಅವರೆ ಸಾಕೇ, ಜೊತೆಗೆ ಬೇರೆ ಕಾಲಕ್ಕೆ ಹೆಬ್ಬಾಳ ಅವರೆ ಹಾಕಬೇಕೇ ಎಂಬುದನ್ನು ನೀರಿನ ಅನುಕೂಲದೊಡನೆ ಈ ಲೆಕ್ಕವನ್ನೂ ನೋಡಿ ನಿರ್ಧರಿಸಬಹುದು.

ವಿಸ್ತರಣಾ ಕಾರ್ಯಕರ್ತರು ರೈತರಿಗೆ ತಳಿಯ ಇಳುವರಿ ತಿಳಿಸುವಾಗ ಈ ಪುಸ್ತಕವನ್ನೂ ಕೇಳಿ ನೋಡುವುದು ಒಳ್ಳೆಯದು. ಬಿತ್ತುವ ಮೊದಲು ಮಣ್ಣು ಪರೀಕ್ಷೆ ಮಾಡಿಸುವಂತೆ, ಕೊಳ್ಳುವವರ ಮನಸ್ಸನ್ನೂ ತಿಳಿದು ಬಿತ್ತಿದರೆ ಬೆಳೆದ ಕಾಯಿಗೆ ತಕ್ಕ ಬೆಲೆ ಸಿಗುತ್ತದೆ.