ವಿದ್ಯುತ್ ಕಾರು: ಘಟ್ಟದ ಮೇಲಿನವರಿಗೊಂದು ಟಿಪ್ಪಣಿ

ವಿದ್ಯುತ್ ಕಾರು ಹೊಗೆ ಉಗುಳುವುದಿಲ್ಲ, ನಿಜ. ಹಾಗೆಂದು ಮಾಲಿನ್ಯವೇ ಇಲ್ಲವೇ? ಪರೀಕ್ಷೆ ಬರೆಯುವ ಅಭ್ಯರ್ಥಿಗಳು ಎಡವುವುದು ಇಲ್ಲೇ. ಕರೆಂಟು ಕಲ್ಲಿದ್ದಲಿನದಾದರೆ ಹೊಗೆ ರಾಯಚೂರಿನ ವಿದ್ಯುತ್ ಸ್ಥಾವರದ ಚಿಮಣಿಯಲ್ಲಿ ಏಳುತ್ತದೆ. ಜೋಗದ ಜಲವಿದ್ಯುತ್ತೋ ಕೈಗಾದ (220 ಮೆಗಾವ್ಯಾಟ್‌ನ 4 ಘಟಕ) ಅಣುವಿದ್ಯುತ್ತೋ ಆದರೆ ಇಂಗಾಲ ತೀರಾ ಕಡಿಮೆ. ಬ್ಯಾಟರಿ ತಯಾರಿಕೆಯ ಇಂಗಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನಮ್ಮ ಘಟ್ಟದ ದಾರಿಗಳನ್ನು ನೋಡಿ: ಶಿರಸಿಯಿಂದ ಕುಮಟಾಕ್ಕೆ ದೇವಿಮನೆ ಘಟ್ಟ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲು ಘಟ್ಟ. ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರೇ ಜನರೇಟರ್ ಆಗಿ ಬ್ಯಾಟರಿ ತುಂಬುತ್ತದೆ. ಚಾರ್ಜಿನ ಅಂಕಿ ನಿಧಾನಕ್ಕೆ ಮೇಲೇರುತ್ತದೆ. ಇದೇ ಪುನರುತ್ಪಾದಕ ಬ್ರೇಕಿಂಗ್. ಪೂರ್ತಿ ಚಾರ್ಜ್ ಮಾಡಿ ಇಳಿದರೆ ಮಾತ್ರ ಈ ಲಾಭವಿಲ್ಲ, ತುಂಬಿದ ಕೊಡಕ್ಕೆ ನೀರು ಹಿಡಿದಂತೆ. ವಾಪಸು ಹತ್ತುವಾಗ ಗಳಿಸಿದ್ದಷ್ಟೂ ಹೋಗಿ ಇನ್ನಷ್ಟು ಬೇಕು. ಮನೆಯಲ್ಲೇ ಚಾರ್ಜ್ ಮಾಡೋಣವೆಂದರೆ, ಸಿದ್ದಾಪುರದ ಅಡಿಕೆ ತೋಟದ ಮನೆಗಳಿಗೆ ಮಳೆಗಾಲದಲ್ಲಿ ಕರೆಂಟು ಹೋಗುವುದೇ ದೊಡ್ಡ ಪ್ರಶ್ನೆ. ಪ್ರಶ್ನೆಪತ್ರಿಕೆ ಅದನ್ನು ಕೇಳುವುದಿಲ್ಲ.

ನೆನಪಿಡಿ: ಬೆಂಗಳೂರಿನ ರೇವಾ ಕಾರು ಮಾರುಕಟ್ಟೆಗೆ ಬಂದದ್ದು 2001ರಲ್ಲಿ, 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದ ರಾಜ್ಯ ಕರ್ನಾಟಕ, ಈ ವಾಹನಗಳ ಮೇಲಿನ ಜಿಎಸ್‌ಟಿ 12ರಿಂದ 5 ಪ್ರತಿಶತಕ್ಕೆ ಇಳಿದದ್ದು 2019ರ ಆಗಸ್ಟ್ 1ರಿಂದ, ಇವುಗಳ ಹಸಿರು ನಂಬರ್ ಪ್ಲೇಟಿನಲ್ಲಿ ಖಾಸಗಿ ವಾಹನಕ್ಕೆ ಬಿಳಿ ಅಕ್ಷರ, ಬಾಡಿಗೆಯದಕ್ಕೆ ಹಳದಿ.